ಒಳಗೊಂದು ಹೂವಿರುವ ತಿಳಿ ಐಸ್: ಮನೆಯ ಫ್ರೀಜರಿನಲ್ಲೇ ಮಾಡುವ ಬಗೆ

ಫ್ರಿಜ್ಜಿನ ಟ್ರೇಯಿಂದ ತೆಗೆದ ಒಂದು ಐಸ್ ಕ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ತಿಳಿಯಾಗಿರುತ್ತದೆ, ನಡುವೆ ಮಾತ್ರ ಬಿಳಿ ಮಬ್ಬು. ದೊಡ್ಡ ಹೋಟೆಲುಗಳಲ್ಲಿ ಗ್ಲಾಸಿಗೆ ಹಾಕುವ ಐಸ್ ಹಾಗಿರುವುದಿಲ್ಲ. ಆಚೆ ಇಟ್ಟ ಪೇಪರನ್ನು ಅದರ ಮೂಲಕ ಓದಬಹುದು. ಅವರು ಏನೋ ವಿಶೇಷ ನೀರು ಬಳಸುತ್ತಾರೆ ಎಂದು ಹಲವರ ನಂಬಿಕೆ. ನೀರನ್ನು ಎರಡು ಸಲ ಕುದಿಸಿ ಎನ್ನುವ ಸಲಹೆಯೂ ಎಲ್ಲ ಕಡೆ ಓಡಾಡುತ್ತಿದೆ. ಸುಮ್ನೆ ಗ್ಯಾಸ್ ಖರ್ಚು. ಐಸ್ ತಿಳಿಯಾಗುವುದು ಚಳಿ ಯಾವ ಕಡೆಯಿಂದ ಬರುತ್ತದೆ ಎನ್ನುವುದರ ಮೇಲೆ.

ನೀರು ಹೆಪ್ಪುಗಟ್ಟುವಾಗ ಅದರ ಹರಳು ತನ್ನ ಸಾಲಿಗೆ ನೀರಿನ ಅಣುಗಳನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ್ದ ಗಾಳಿ, ಉಪ್ಪಿನಂಶ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತಾ ಹೋಗುತ್ತದೆ. ಟ್ರೇಯಲ್ಲಿ ಚಳಿ ಸುತ್ತಲಿಂದಲೂ ಬರುವುದರಿಂದ ಈ ಗಾಳಿಗೆ ಓಡಲು ಜಾಗವಿಲ್ಲ. ನಡುವೆ ಸಿಕ್ಕಿಬಿದ್ದು ಸಣ್ಣ ಸಣ್ಣ ಗುಳ್ಳೆಯಾಗುತ್ತದೆ. ನಮಗೆ ಕಾಣುವ ಬಿಳಿ ಅದೇ. ಚಳಿಯನ್ನು ಮೇಲಿನಿಂದ ಮಾತ್ರ ಬಿಟ್ಟರೆ ಗಾಳಿಯೆಲ್ಲ ಕೆಳಗೆ ಸರಿಯುತ್ತದೆ. ತಳದ ನೀರು ಗಟ್ಟಿಯಾಗುವ ಮೊದಲೇ ಚೆಲ್ಲಿಬಿಟ್ಟರೆ ಉಳಿಯುವುದು ತಿಳಿ ಐಸ್.

ಸ್ವೀಡನ್ನಿನ ಉತ್ತರದಲ್ಲಿ ಯುಕ್ಕಸ್ಯಾರ್ವಿ ಎನ್ನುವ ಹಳ್ಳಿಯಿದೆ. ಅಲ್ಲಿ 1989-90ರ ಚಳಿಗಾಲದಲ್ಲಿ ಶುರುವಾದ ಐಸ್‌ಹೋಟೆಲಿಗೆ ಪಕ್ಕದ ಟೋರ್ನೆ ನದಿಯೇ ಐಸ್ ಕೊಡುತ್ತದೆ. ನದಿ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತದೆ, ಅಡಿಯಲ್ಲಿ ಹರಿಯುವ ನೀರು ಗುಳ್ಳೆಗಳನ್ನು ಹೊತ್ತುಕೊಂಡು ಹೋಗುತ್ತದೆ. ಚೀನಾದ ಹಾರ್ಬಿನ್ ನಗರದ ಐಸ್ ಹಬ್ಬಕ್ಕೂ ಗಡ್ಡೆಗಳನ್ನು ಕೊಯ್ಯುವುದು ಸೊಂಗ್‌ಹುವಾ ನದಿಯಿಂದಲೇ. ಇದೇ ಉಪಾಯವನ್ನು ಮನೆಯ ಫ್ರೀಜರಿಗೆ ಒಗ್ಗಿಸಿ 2009ರಲ್ಲಿ ಜನಪ್ರಿಯ ಮಾಡಿದವರು ಅಮೆರಿಕದ ಬರಹಗಾರ ಕ್ಯಾಂಪರ್ ಇಂಗ್ಲಿಷ್. ನಮ್ಮ ಮಲ್ಪೆ, ಮಂಗಳೂರಿನ ಮೀನು ಬಂದರುಗಳಿಗೆ ಬರುವ ಐಸ್ ಗಡ್ಡೆಯ ಕಥೆ ಬೇರೆ. ಐಸ್ ಫ್ಯಾಕ್ಟರಿಯಲ್ಲಿ ನೀರು ತುಂಬಿದ ತಗಡಿನ ಕ್ಯಾನ್‌ಗಳನ್ನು ತಣ್ಣನೆಯ ಉಪ್ಪುನೀರಿನ ತೊಟ್ಟಿಗೆ ಇಳಿಸುತ್ತಾರೆ. ಚಳಿ ಎಲ್ಲ ಕಡೆಯಿಂದ ಬರುತ್ತದೆ. ಅದಕ್ಕೇ ಆ ಗಡ್ಡೆಯ ನಡುವೆ ಉದ್ದಕ್ಕೂ ಒಂದು ಬಿಳಿ ತಿರುಳು ಇರುತ್ತದೆ.

ಪಾತ್ರೆ ಮತ್ತು ಜಾಗ

ಮೇಲ್ಗಡೆ ಮಾತ್ರ ತೆರೆದಿದ್ದು, ಪಕ್ಕ ಮತ್ತು ತಳದಿಂದ ಚಳಿ ತಾಗದ ಪಾತ್ರೆ ಬೇಕು. ಚಪಾತಿ ಬಿಸಿಯಾಗಿಡುವ ಹಳೆಯ ಹಾಟ್‌ಬಾಕ್ಸ್ ಇದ್ದರೆ ಅದೇ ಸಾಕು. ಬಿಸಿಯನ್ನು ಕಾಯುವ ಗೋಡೆ ಚಳಿಯನ್ನೂ ತಡೆಯುತ್ತದೆ, ಅಲ್ವಾ? ಮುಚ್ಚಳ ಹಾಕಬಾರದು. ಬಾಯಿ ತಳಕ್ಕಿಂತ ಸ್ವಲ್ಪ ಅಗಲ ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಗಡ್ಡೆ ಹೊರಗೆ ಬರುವುದಿಲ್ಲ. ದಿನಬಳಕೆಯ ಹಾಟ್‌ಬಾಕ್ಸ್ ಎತ್ತಿಕೊಂಡು ಹೋಗುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ.

ಹಾಟ್‌ಬಾಕ್ಸ್ ಇಲ್ಲದವರು ಒಂದು ಪ್ಲಾಸ್ಟಿಕ್ ಡಬ್ಬದ ತಳ ಮತ್ತು ನಾಲ್ಕೂ ಬದಿಗೆ 3-4 ಸೆಂ.ಮೀ. ದಪ್ಪದ ಥರ್ಮೋಕೋಲ್ ಹಾಳೆ ಸುತ್ತಿ ಟೇಪ್ ಹಾಕಿ. ಗಾಜಿನ ಪಾತ್ರೆ ಮಾತ್ರ ಬೇಡ. ನೀರು ಐಸ್ ಆಗುವಾಗ ಗಾತ್ರದಲ್ಲಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಗಾಜು ಸೀಳಿಹೋಗುತ್ತದೆ.

ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರಿನ ಎತ್ತರ ಕಡಿಮೆ. ಅಳತೆ ನೋಡಿಕೊಂಡು ಪಾತ್ರೆ ಆರಿಸಿ. ಅದರ ಮೇಲ್ಭಾಗಕ್ಕೂ ಫ್ರೀಜರಿನ ಚಾವಣಿಗೂ ನಡುವೆ ಗಾಳಿ ಆಡಲು ಜಾಗ ಇರಲಿ. ಈ ಫ್ರಿಜ್ಜುಗಳಲ್ಲಿ ಫ್ರೀಜರಿನ ನೆಲವೇ ಜಾಸ್ತಿ ತಣ್ಣಗಿರುತ್ತದೆ. ಹಾಗಾಗಿ ಪಾತ್ರೆಯ ಅಡಿಗೆ ಇನ್ನೊಂದು ಥರ್ಮೋಕೋಲ್ ತುಂಡು ಇಡುವುದು ಒಳ್ಳೆಯದು. ಮೀನು, ಮಾಂಸ ಇಡುವ ಫ್ರೀಜರ್ ಆದರೆ ಮೊದಲು ಅವನ್ನೆಲ್ಲ ಬಿಗಿಯಾಗಿ ಕಟ್ಟಿಡಿ. ಐಸ್ ವಾಸನೆಯನ್ನು ಬಹಳ ಬೇಗ ಹಿಡಿಯುತ್ತದೆ.

ನೀರು

ಕುಡಿಯುವ ನೀರು ಯಾವುದಾದರೂ ನಡೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಉಪ್ಪಿನಂಶ ಹೆಚ್ಚಿರುವುದರಿಂದ ತಳದ ಮಬ್ಬು ಭಾಗ ಬೇಗ ಶುರುವಾಗುತ್ತದೆ. ಆರ್‌ಓ ನೀರು ಇದ್ದರೆ ಅದನ್ನೇ ಬಳಸಿ. ನಲ್ಲಿಯಿಂದ ರಭಸವಾಗಿ ಹಿಡಿಯಬೇಡಿ, ಪಾತ್ರೆಯ ಗೋಡೆಗೆ ತಾಗಿಸಿ ನಿಧಾನವಾಗಿ ಸುರಿಯಿರಿ. ಮೇಲೆ 2 ಸೆಂ.ಮೀ. ಖಾಲಿ ಬಿಡಿ.

ಹೂವಿನ ಆಯ್ಕೆ, ಹೂವನ್ನು ನಿಲ್ಲಿಸುವ ಕೆಲಸ

ಜನ ಸೋಲುವುದು ಇಲ್ಲೇ. ಚೆಂದ ಕಂಡ ಹೂವೆಲ್ಲ ಐಸಿನಲ್ಲಿ ಚೆಂದ ಕಾಣುವುದಿಲ್ಲ. ಮಲ್ಲಿಗೆಯಂಥ ತೆಳು ಎಸಳು ನೀರು ಕುಡಿದು ಪಾರದರ್ಶಕವಾಗುತ್ತದೆ, ಇದ್ದೂ ಇಲ್ಲದಂತೆ. ದಾಸವಾಳ ಬಣ್ಣ ಬಿಡುವ ಸಾಧ್ಯತೆ ಜಾಸ್ತಿ. ಎಸಳು ಒತ್ತೊತ್ತಾಗಿರುವ ಸೇವಂತಿಗೆ, ಚೆಂಡುಹೂವು, ಪುಟ್ಟ ಗುಲಾಬಿ ಇವು ರೂಪ ಉಳಿಸಿಕೊಳ್ಳುತ್ತವೆ. ಹೂವೇ ಆಗಬೇಕೆಂದೇನೂ ಇಲ್ಲ. ನೀರಿನಲ್ಲಿ ಕೊಳೆತು ಬರೀ ನರಗಳ ಜಾಲರಿ ಉಳಿದ ಅರಳಿ ಎಲೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು. ಅದರಲ್ಲಿ ಒಡೆಯಲು ಹಸಿ ಜೀವಕೋಶಗಳೇ ಇಲ್ಲ, ಬಿಡಲು ಬಣ್ಣವೂ ಇಲ್ಲ. ಜರಿಗಿಡದ ಎಳೆ ಚಿಗುರು, ಸಿಪ್ಪೆ ಸಮೇತ ತೆಳ್ಳಗೆ ಕೊಯ್ದ ನಿಂಬೆ ಬಿಲ್ಲೆಯೂ ಚೆನ್ನ.

ಪಾನಕಕ್ಕೋ ಜ್ಯೂಸಿಗೋ ಹಾಕುವ ಐಸ್ ಆದರೆ ಮಾರುಕಟ್ಟೆಯ ಹೂವು ಬಳಸಲೇಬೇಡಿ, ಅದಕ್ಕೆ ಕೀಟನಾಶಕ ಹೊಡೆದಿರುತ್ತಾರೆ. ಔಷಧ ಹೊಡೆಯದ ನಿಮ್ಮ ಮನೆಯ ಗಿಡದ ಗುಲಾಬಿ ಎಸಳು, ಪುದೀನ, ತುಳಸಿ ಸಾಕು. ಕಣಗಿಲೆ, ದತ್ತೂರಿ ಎರಡೂ ವಿಷ. ನೋಡಲಿಕ್ಕೆಂದು ಮಾಡಿದ ಐಸಿನಲ್ಲೂ ಅವು ಬೇಡ, ಮಕ್ಕಳು ನೆಕ್ಕಿದರೆ ಕಷ್ಟ.

ಈಗ ಹೂವನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಮೆಲ್ಲಗೆ ಅಲ್ಲಾಡಿಸಿ. ಎಸಳುಗಳ ಸಂದಿಯಲ್ಲಿ ಅಡಗಿದ ಗಾಳಿ ಬುಳುಬುಳು ಎಂದು ಹೊರಗೆ ಬರುತ್ತದೆ. ಈ ಕೆಲಸ ಬಿಟ್ಟರೆ ಹೂವಿನ ಸುತ್ತ ಬೆಳ್ಳಿಗುಳ್ಳೆಗಳು ಮೆತ್ತಿಕೊಳ್ಳುತ್ತವೆ. ಕೆಲವರಿಗೆ ಅದೇ ಇಷ್ಟವಾಗಬಹುದು.

ಹೂವು ತೇಲುತ್ತದೆ. ತೇಲಲು ಬಿಟ್ಟರೆ ಅರ್ಧ ಐಸಿನ ಒಳಗೆ, ಅರ್ಧ ಹೊರಗೆ. ಹಾಗಾಗಿ ತೊಟ್ಟಿಗೆ ಗಾಳದ ನೈಲಾನ್ ದಾರ ಕಟ್ಟಿ. ಅದು ಐಸಿನೊಳಗೆ ಕಣ್ಣಿಗೆ ಕಾಣುವುದಿಲ್ಲ. ದಾರದ ಇನ್ನೊಂದು ತುದಿಗೆ ತೊಳೆದ ಸಣ್ಣ ಕಲ್ಲು ಕಟ್ಟಿ ತಳಕ್ಕೆ ಇಳಿಸಿ. ಹೂವಿನ ತಲೆ ನೀರಿನ ಮೇಲ್ಮೈಯಿಂದ 1 ಸೆಂ.ಮೀ. ಕೆಳಗೆ ನಿಲ್ಲುವಂತೆ ದಾರದ ಉದ್ದ ಹೊಂದಿಸಿ. ಐಸ್ ಮೇಲಿನಿಂದ ಇಳಿಯುತ್ತಾ ಹೂವನ್ನು ನುಂಗುತ್ತದೆ. ಕಲ್ಲು ಮಾತ್ರ ತಳದ ನೀರಿನಲ್ಲೇ ಉಳಿಯುತ್ತದೆ. ಆಮೇಲೆ ದಾರ ಕತ್ತರಿಸಿದರಾಯಿತು.

ಎಷ್ಟು ಹೊತ್ತು

ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಆ ಚಳಿಗೆ ಹಗಲೂ ರಾತ್ರಿ ಸೇರಿ ಸುಮಾರು 4-5 ಸೆಂ.ಮೀ. ದಪ್ಪದ ಐಸ್ ಕಟ್ಟುತ್ತದೆ. ಒಳಗೆ ಫ್ಯಾನ್ ಇರುವ ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಸ್ವಲ್ಪ ಬೇಗ. ಐಸ್ ದಪ್ಪವಾದಂತೆ ವೇಗ ಕಡಿಮೆಯಾಗುತ್ತದೆ, ಏಕೆಂದರೆ ಕೆಳಗಿನ ನೀರಿನ ಬಿಸಿ ಆ ಐಸನ್ನು ದಾಟಿಕೊಂಡೇ ಮೇಲೆ ಬರಬೇಕು. ಗಡಿಬಿಡಿ ಮಾಡಿ ಚಳಿ ಹೆಚ್ಚಿಸಬೇಡಿ. ಐಸ್ ಬಹಳ ವೇಗವಾಗಿ ಬೆಳೆದರೆ ಗಾಳಿಯನ್ನು ತಳ್ಳಲು ಪುರುಸೊತ್ತಿಲ್ಲದೆ ಒಳಗೇ ಹಿಡಿದುಕೊಳ್ಳುತ್ತದೆ.

ಬಾಗಿಲನ್ನು ಪದೇ ಪದೇ ತೆಗೆಯಬೇಡಿ. ಕರೆಂಟು ಹೋಗಿ ಬಂದರೆ ಗಡ್ಡೆಯಲ್ಲಿ ಅಡ್ಡಕ್ಕೊಂದು ಮಸುಕು ಗೆರೆ ಬೀಳಬಹುದು, ನಷ್ಟವೇನಿಲ್ಲ. ನೆನಪಿಡಬೇಕಾದದ್ದು ಇಷ್ಟೇ: ಪಾತ್ರೆಯ ಮುಕ್ಕಾಲು ಭಾಗ ಗಟ್ಟಿಯಾದಾಗ ತೆಗೆಯಬೇಕು. ಪೂರ್ತಿ ಗಟ್ಟಿಯಾಗಲು ಬಿಟ್ಟರೆ ಹಿಗ್ಗಿದ ಐಸ್ ಹಾಟ್‌ಬಾಕ್ಸನ್ನೇ ಕೆಡಿಸಬಹುದು.

ಹೊರಗೆ ತೆಗೆದು ಕೊಯ್ಯುವುದು

ಪಾತ್ರೆಯನ್ನು ಸಿಂಕಿನಲ್ಲಿ ಬೋರಲು ಹಾಕಿ ಬಿಡಿ. ಕಾಲು ಗಂಟೆಯಲ್ಲಿ ಗಡ್ಡೆ ತಾನಾಗಿ ಜಾರುತ್ತದೆ. ಬಿಸಿನೀರು ಸುರಿಯುವ ಆಸೆ ಆಗುತ್ತದೆ, ಬೇಡ. ಮೈನಸ್ ಚಳಿಯಲ್ಲಿದ್ದ ಐಸಿಗೆ ಬಿಸಿ ತಾಗಿದರೆ ಹೊರಪದರ ಒಮ್ಮೆಲೇ ಹಿಗ್ಗುತ್ತದೆ, ಒಳಗಿನದು ಹಿಗ್ಗುವುದಿಲ್ಲ. ಟಪ್ ಎಂದು ಬಿರುಕು ಬಿಡುತ್ತದೆ.

ಹೊರಗೆ ಬಂದ ಗಡ್ಡೆ ಮೊದಲು ಮಂಜು ಹಿಡಿದ ಕನ್ನಡಕದಂತೆ ಮಸುಕಾಗಿರುತ್ತದೆ. ಮೇಲ್ಮೈ ಒದ್ದೆಯಾಗಿ ಹೊಳೆಯುವವರೆಗೆ ಕಾಯಿರಿ. ಆಗ ಅದು ಸೊನ್ನೆ ಡಿಗ್ರಿಗೆ ಬಂದಿರುತ್ತದೆ, ಕೊಯ್ದರೂ ಒಡೆಯುವುದಿಲ್ಲ. ಬ್ರೆಡ್ ಕೊಯ್ಯುವ ಗರಗಸದ ಹಲ್ಲಿನ ಚಾಕುವಿನಿಂದ ಸುತ್ತಲೂ ಅರ್ಧ ಸೆಂ.ಮೀ. ಆಳದ ಗೀರು ಎಳೆಯಿರಿ. ಚಾಕುವನ್ನು ಆ ಗೀರಿನಲ್ಲೇ ಕೂರಿಸಿ, ಅದರ ಬೆನ್ನಿಗೆ ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿ. ಗೀರು ಇದ್ದಲ್ಲೇ ಸೀಳುತ್ತದೆ. ಅಡಿಗೆ ದಪ್ಪ ಟವೆಲ್ ಇರಲಿ. ಐಸ್ ಹಿಡಿಯುವ ಕೈಗೆ ಬಟ್ಟೆ ಸುತ್ತಿಕೊಳ್ಳಿ, ಜಾರಿದರೆ ಚಾಕು ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಮೇಲ್ಮೈಗೆ ಚಿತ್ತಾರ

ಉಬ್ಬುತಗ್ಗು ಇದ್ದರೆ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆಯ ಮೇಲೆ ಗಡ್ಡೆ ಇಟ್ಟು ತಿರುಗಿಸಿ. ಕೋಣೆಯ ಬಿಸಿಯೇ ಸಾಕು, ಕ್ಷಣದಲ್ಲಿ ಸಪಾಟಾಗುತ್ತದೆ. ಲೋಹ ಬಿಸಿಯನ್ನು ಬೇಗ ದಾಟಿಸುವುದರಿಂದ ಅಚ್ಚು ಒತ್ತುವುದೂ ಸುಲಭ. ಚಕ್ಕುಲಿ ಒರಳಿನ ಹಿತ್ತಾಳೆ ಬಿಲ್ಲೆಗಳನ್ನು ಹೊರತೆಗೆಯಿರಿ. ನಕ್ಷತ್ರದ ತೂತಿನದು, ಸೇವಿನ ಸಣ್ಣ ತೂತಿನದು, ಯಾವುದಾದರೂ ಸರಿ. ಐಸಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ತೂತುಗಳ ಆಕಾರ ಉಬ್ಬಿ ನಿಲ್ಲುತ್ತದೆ. ಮರದ ಸಕ್ಕರೆ ಅಚ್ಚಿನಿಂದ ಇದು ಆಗುವುದಿಲ್ಲ, ಮರ ಬಿಸಿ ದಾಟಿಸುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಏನೂ ಮಾಡದೆ ಕರಗಲು ಬಿಟ್ಟು, ಅದು ತೆಗೆದುಕೊಳ್ಳುವ ರೂಪವನ್ನು ನೋಡುವುದು. ಫಿನ್‌ಲ್ಯಾಂಡಿನ ವಿನ್ಯಾಸಕಾರ ಟಾಪಿಯೊ ವಿರ್ಕಲಾ ಮಾಡಿದ್ದು ಅದನ್ನೇ. ಲ್ಯಾಪ್‌ಲ್ಯಾಂಡಿನಲ್ಲಿ ಕರಗುತ್ತಿದ್ದ ಐಸನ್ನು ನೋಡಿ, 1968ರಲ್ಲಿ ಇಟ್ಟಾಲ ಕಂಪನಿಗೆ ಅಲ್ಟಿಮಾ ಥೂಲೆ ಎನ್ನುವ ಗಾಜಿನ ಲೋಟಗಳನ್ನು ರೂಪಿಸಿದರು. ಹೊರಮೈ ನೀರಿಳಿದಂತೆ ಉಬ್ಬುಉಬ್ಬು, ತಳದಲ್ಲಿ ತೊಟ್ಟಿಕ್ಕುತ್ತಿರುವಂಥ ಪುಟ್ಟ ಕಾಲುಗಳು. ಇವತ್ತಿಗೂ ಅಂಗಡಿಗಳಲ್ಲಿ ಸಿಗುತ್ತವೆ. ಸೇಂಟ್ ಪೀಟರ್ಸ್‌ಬರ್ಗಿನ ಫ್ಯಾಬರ್ಜೆ ಒಡವೆ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಆಲ್ಮಾ ಪೀಲ್ ನೋಡಿದ್ದು ಕಿಟಕಿ ಗಾಜಿನ ಮೇಲೆ ಅರಳಿದ ಹಿಮದ ಗೆರೆಗಳನ್ನು. ಅದರಿಂದ ಹುಟ್ಟಿದ್ದು 1913ರ ವಿಂಟರ್ ಎಗ್, ಸ್ಫಟಿಕ ಮತ್ತು ವಜ್ರಗಳ ಮೊಟ್ಟೆ. ಚೀನಾದ ಕುಶಲಕರ್ಮಿಗಳಂತೂ ಒಡೆದ ಐಸಿನ ಬಿರುಕನ್ನೇ ಕಿಟಕಿಯ ಜಾಲರಿಗೆ, ಪಿಂಗಾಣಿಯ ನೀಲಿ ಹಿನ್ನೆಲೆಗೆ ತಂದರು. ನೀಲಿ ಬಿರುಕುಗಳ ಮೇಲೆ ಬಿಳಿ ಪ್ಲಮ್ ಹೂ ಚೆಲ್ಲಿದ, ಚಕ್ರವರ್ತಿ ಕಾಂಗ್‌ಶಿ ಕಾಲದ ಜಾಡಿಗಳು ದೊಡ್ಡ ಮ್ಯೂಸಿಯಮ್ಮುಗಳಲ್ಲಿವೆ.

ನಿಮಗೆ ರಂಗೋಲಿ, ಕಸೂತಿ, ಬ್ಲಾಕ್ ಪ್ರಿಂಟಿನ ಹವ್ಯಾಸ ಇದ್ದರೆ ಈ ಬಿರುಕನ್ನು ಹಿಡಿಯುವುದು ಸುಲಭ. ಫ್ರೀಜರಿನಿಂದ ನೇರವಾಗಿ ತೆಗೆದ ಒಂದು ಚಪ್ಪಟೆ ತುಂಡಿನ ಮೇಲೆ ಉಗುರುಬೆಚ್ಚಗಿನ ನೀರು ಹನಿಸಿ. ಬಿರುಕು ಹರಡುತ್ತದೆ. ಅಡಿಗೆ ಕಪ್ಪು ಕಾಗದ ಹಾಕಿ ಮೇಲಿನಿಂದ ಫೋಟೋ ತೆಗೆದುಕೊಳ್ಳಿ. ಆಮೇಲೆ ಪ್ರಿಂಟ್ ಹಾಕಿಸಿ ಗೆರೆಗಳನ್ನು ಟ್ರೇಸ್ ಮಾಡಿ.

ಮಬ್ಬು ತುಂಡು ಬಿಸಾಡಬೇಡಿ

ಗುಳ್ಳೆ ತುಂಬಿದ ಬಿಳಿ ಐಸಿಗೂ ಅದರದೇ ಕೆಲಸ ಇದೆ. ಹಿಮನದಿಯ ಐಸಿನಲ್ಲಿರುವ ಗುಳ್ಳೆಗಳು ಸಾವಿರಾರು ವರ್ಷ ಹಿಂದಿನ ಗಾಳಿಯನ್ನು ಹಿಡಿದಿಟ್ಟುಕೊಂಡಿರುತ್ತವೆ. ಆ ಐಸ್ ಕರಗುವಾಗ ಗುಳ್ಳೆ ಒಡೆದು ಚಿಟಿಚಿಟಿ ಸದ್ದು ಬರುತ್ತದೆ. ಕಲಾವಿದ ಓಲಾಫರ್ ಎಲಿಯಾಸನ್ ಮತ್ತು ಭೂವಿಜ್ಞಾನಿ ಮಿನಿಕ್ ರೋಸಿಂಗ್ ಗ್ರೀನ್‌ಲ್ಯಾಂಡಿನ ಸಮುದ್ರದಲ್ಲಿ ತೇಲುತ್ತಿದ್ದ ಇಂಥ ಗಡ್ಡೆಗಳನ್ನು 2014ರಲ್ಲಿ ಕೋಪನ್‌ಹೇಗನ್, 2015ರಲ್ಲಿ ಪ್ಯಾರಿಸ್, 2018ರಲ್ಲಿ ಲಂಡನ್ ನಗರಕ್ಕೆ ತಂದು ಬಯಲಲ್ಲಿ ಇಟ್ಟರು. ಜನ ಮುಟ್ಟಿದರು, ಕಿವಿಯಿಟ್ಟು ಕೇಳಿದರು.

ನಿಮ್ಮ ಮಬ್ಬು ತುಂಡಿನ ಮೇಲೆ ಒಂದು ಚಿಟಿಕೆ ಕಲ್ಲುಪ್ಪು ಹಾಕಿ. ಉಪ್ಪು ಇದ್ದಲ್ಲಿ ಐಸ್ ಬೇಗ ಕರಗಿ ಒಳಗೆ ಕಾಲುವೆ ಕೊರೆಯುತ್ತದೆ. ಕೇಸರಿಬಾತಿಗೆ ಹಾಕುವ ಬಣ್ಣವನ್ನು ನೀರಿನಲ್ಲಿ ಕರಗಿಸಿ ಒಂದೆರಡು ಹನಿ ಬಿಟ್ಟರೆ ಆ ಕಾಲುವೆಗಳು ಎದ್ದು ಕಾಣುತ್ತವೆ. ರಜೆಯಲ್ಲಿ ಮನೆಯಲ್ಲಿರುವ ಮಕ್ಕಳಿಗೆ ಇದೊಂದೇ ಸಾಕು.

ಬಣ್ಣ ಹಾಕದೆ ಬಣ್ಣ ಕಾಣುವುದು

ಇಡೀ ಲೇಖನದಲ್ಲಿ ಒಂದೇ ಪ್ರಯೋಗ ಮಾಡುವಿರಾದರೆ ಇದನ್ನು ಮಾಡಿ. ಫೋಟೋ ಫ್ರೇಮಿನ ಒಂದು ಸಾದಾ ಗಾಜು, ಲ್ಯಾಪ್‌ಟಾಪ್, ಮತ್ತು ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇಲ್ಲವೇ ಕ್ಯಾಮೆರಾದ ಪೋಲರೈಸಿಂಗ್ ಫಿಲ್ಟರ್ ಬೇಕು. ಗಾಜನ್ನು ಫ್ರೀಜರಿನಲ್ಲಿ ಮಟ್ಟಸವಾಗಿ ಇಟ್ಟು ಒಂದೆರಡು ಚಮಚ ನೀರು ಹರಡಿ. ಪದರ ತೆಳ್ಳಗಿದ್ದಷ್ಟೂ ಒಳ್ಳೆಯದು, 1 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ. ಗಟ್ಟಿಯಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಬರೀ ಬಿಳಿ ಪುಟ ತೆರೆದು ಬೆಳಕು ಪೂರ್ತಿ ಏರಿಸಿ. ಐಸ್ ಅಂಟಿದ ಗಾಜನ್ನು ಸ್ಕ್ರೀನಿನಿಂದ ಒಂದು ಗೇಣು ದೂರ ಹಿಡಿಯಿರಿ, ನೀರು ಕೀಬೋರ್ಡಿಗೆ ಬೀಳದಂತೆ ಅಡಿಗೆ ಟವೆಲ್ ಹಾಕಿರಿ. ಈಗ ಕೂಲಿಂಗ್ ಗ್ಲಾಸನ್ನು ಕಣ್ಣಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತದೆ. ಐಸ್ ಇದ್ದಲ್ಲಿ ಮಾತ್ರ ನೇರಳೆ, ಹಳದಿ, ನೀಲಿ, ಕಿತ್ತಳೆ ತುಂಡುಗಳು ಹೊಳೆಯುತ್ತವೆ.

ಎಲ್‌ಸಿಡಿ ಸ್ಕ್ರೀನಿನ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ. ಐಸಿನ ಹರಳು ಆ ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಇನ್ನೊಂದಕ್ಕಿಂತ ತುಸು ಹಿಂದೆ ಹಾಕುತ್ತದೆ. ಕೂಲಿಂಗ್ ಗ್ಲಾಸಿನಲ್ಲಿ ಅವೆರಡೂ ಮತ್ತೆ ಸೇರುವಾಗ ಕೆಲವು ಬಣ್ಣ ಅಳಿಯುತ್ತವೆ, ಕೆಲವು ಉಳಿಯುತ್ತವೆ. ಯಾವ ಬಣ್ಣ ಎನ್ನುವುದು ಪದರದ ದಪ್ಪ ಮತ್ತು ಹರಳು ತಿರುಗಿರುವ ದಿಕ್ಕಿನ ಮೇಲೆ. ಹಾಗಾಗಿ ಒಂದೊಂದು ಬಣ್ಣದ ತುಂಡೂ ಒಂದೊಂದು ಹರಳು. ಅಂಟಾರ್ಕ್ಟಿಕಾದಿಂದ ಕೊರೆದು ತಂದ ಐಸನ್ನು ವಿಜ್ಞಾನಿಗಳು ತೆಳ್ಳಗೆ ಹೆರೆದು ನೋಡುವುದೂ ಹೀಗೆಯೇ. ಕೈಯ ಬಿಸಿಗೆ ಐಸ್ ಕರಗಿ ತೆಳುವಾಗುತ್ತಾ ಹೋದಂತೆ ಬಣ್ಣಗಳು ಬದಲಾಗುವುದನ್ನು ನೋಡಲೇಬೇಕು. ಗಾಜಿನ ಬದಲು ಪ್ಲಾಸ್ಟಿಕ್ ತಟ್ಟೆ ಬಳಸಬೇಡಿ, ಹಲವು ಪ್ಲಾಸ್ಟಿಕ್ಕುಗಳು ತಾವೇ ಬಣ್ಣ ತೋರಿಸಿ ಮೋಸ ಮಾಡುತ್ತವೆ.

ಫೋಟೋ

ಬೆಳಕು ಹಿಂದಿನಿಂದ ಅಥವಾ ಪಕ್ಕದಿಂದ ಬರಲಿ, ಹಿನ್ನೆಲೆ ಕಪ್ಪಾಗಿರಲಿ. ಮುಂದಿನಿಂದ ಫ್ಲ್ಯಾಶ್ ಹೊಡೆದರೆ ಐಸ್ ಬರೀ ಬಿಳಿ ಉಂಡೆ. ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಫೋಟೋ ತೆಗೆದರು. ಜೀವಮಾನದಲ್ಲಿ 5000ಕ್ಕೂ ಹೆಚ್ಚು ತೆಗೆದರು. ಹರಳು ಎದ್ದು ಕಾಣಲೆಂದು ನೆಗೆಟಿವ್‌ನಲ್ಲಿ ಅದರ ಸುತ್ತಲಿನ ಲೇಪವನ್ನು ಚಾಕುವಿನಿಂದ ಹೆರೆದು ತೆಗೆಯುತ್ತಿದ್ದರು, ಪ್ರಿಂಟಿನಲ್ಲಿ ಹಿನ್ನೆಲೆ ಕಪ್ಪಾಗಲಿ ಎಂದು. ನಮಗೆ ಅಡುಗೆಮನೆಯ ಕಪ್ಪು ಗ್ರಾನೈಟ್ ಕಟ್ಟೆಯೇ ಇದೆ. ಬೆಳಕಿಗೆ ಎಲ್‌ಇಡಿ ಟಾರ್ಚ್ ಸಾಕು. ಹಳೆಯ ಕಾಲದ ಬಲ್ಬ್ ಬಿಸಿ ಸೂಸುತ್ತದೆ.

ಮೇಜಿನ ಮೇಲೆ ಇಡುವಾಗ

ಮೊದಲು ಫ್ಯಾನ್ ಆಫ್ ಮಾಡಿ. ಐಸನ್ನು ಕರಗಿಸುವುದರಲ್ಲಿ ಆಡುವ ಗಾಳಿಯ ಪಾಲು ದೊಡ್ಡದು. ಆಕಾರವೂ ಮುಖ್ಯ. ತೆಳ್ಳನೆಯ ರೆಕ್ಕೆ, ಉದ್ದ ಕೊಕ್ಕು ಮೊದಲು ಹೋಗುತ್ತವೆ, ರಿಸೆಪ್ಶನ್‌ಗಳಲ್ಲಿ ಐಸಿನ ಹಂಸ ಊಟದ ಹೊತ್ತಿಗೆ ಬಾತುಕೋಳಿಯಾಗುವುದು ಅದಕ್ಕೇ. ಗಟ್ಟಿಮುಟ್ಟಾದ ದಪ್ಪ ತುಂಡು ಹೆಚ್ಚು ಹೊತ್ತು ನಿಲ್ಲುತ್ತದೆ. ಲಡಾಖಿನಲ್ಲಿ ಸೋನಮ್ ವಾಂಗ್‌ಚುಕ್ 2013ರಲ್ಲಿ ಶುರುಮಾಡಿದ ಐಸ್ ಸ್ತೂಪದ ಲೆಕ್ಕವೂ ಇದೇ. ಚಳಿಗಾಲದ ನೀರನ್ನು ಶಂಕುವಿನಾಕಾರದಲ್ಲಿ ಎತ್ತರಕ್ಕೆ ಕಟ್ಟಿದರೆ ಬಿಸಿಲಿಗೆ ಸಿಗುವ ಮೈ ಕಡಿಮೆ. ನೀರು ಬೇಕಾಗುವ ವಸಂತದವರೆಗೂ ಅದು ಉಳಿಯುತ್ತದೆ.

ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಮಡಚಿದ ಕಪ್ಪು ಬಟ್ಟೆ ಹಾಸಿ ಅದರ ಮೇಲೆ ಗಡ್ಡೆ ಇಡಿ. ಬಟ್ಟೆ ಜಾರದಂತೆ ಹಿಡಿಯುತ್ತದೆ, ನೀರನ್ನೂ ಕುಡಿಯುತ್ತದೆ. ಭಾನುವಾರ ಮಧ್ಯಾಹ್ನಕ್ಕೆ ಬೇಕಾದರೆ ಶುಕ್ರವಾರ ರಾತ್ರಿ ನೀರು ಇಟ್ಟು ಶನಿವಾರ ರಾತ್ರಿ ಕೊಯ್ಯಿರಿ. ಕೊಯ್ದ ತುಂಡುಗಳನ್ನು ಒರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಇಲ್ಲದಂತೆ ಸುತ್ತಿ ಮತ್ತೆ ಫ್ರೀಜರಿಗೆ ಸೇರಿಸಿ. ಬಿಚ್ಚಿಟ್ಟರೆ ಮೇಲ್ಮೈ ಒಣಗಾಳಿಗೆ ಸವೆದು ಮಸುಕಾಗುತ್ತದೆ. ಇಡುವಾಗ ಒಂದಕ್ಕೊಂದು ತಾಗದಿರಲಿ, ಅಂಟಿಕೊಂಡರೆ ಬಿಡಿಸುವಾಗ ಮೂಲೆ ಮುರಿಯುತ್ತದೆ.